ಟರ್ನರ್‌ನ ಬಟರ್‌ಮಿಯರ್ ಬಳ್ಳಾರಿಯ ಕ್ಯಾನ್ವಾಸ್ ಮೇಲೆ: ಪ್ರಿಂಟು ಪಾಸು, ಕಟ್ಟು ನಪಾಸು

ಕೆಲಸ ಇಷ್ಟು. ಇಂಗ್ಲಿಷ್ ಚಿತ್ರಕಾರ ಜೆ. ಎಂ. ಡಬ್ಲ್ಯು. ಟರ್ನರ್ 1798ರಲ್ಲಿ ಪ್ರದರ್ಶನಕ್ಕಿಟ್ಟ ಬಟರ್‌ಮಿಯರ್ ಸರೋವರದ ಚಿತ್ರದ ಒಂದು ಪ್ರತಿ, ಅಳತೆ 30×40 ಇಂಚು. ಇಕೋ ಸಾಲ್ವೆಂಟ್ (ದ್ರಾವಕದಲ್ಲಿ ಕಲಸಿದ ಇಂಕಿನ) ಮಷಿನ್ನಿನಲ್ಲಿ ಕ್ಯಾನ್ವಾಸ್ ಪ್ರಿಂಟು, ಮೇಲೆ ವಾರ್ನಿಶ್, ಒಳಕಟ್ಟಿಗೆಗೆ (ಒಳಗಿನ ಮರದ ಚೌಕಟ್ಟಿಗೆ) ಎಳೆದು ಪಿನ್ನು, ಹೊರಗೆ ಎರಡಿಂಚಿನ ಬೀಡಿಂಗ್ ಪಟ್ಟಿಯ ಕಟ್ಟು. ಹೋಲಿಸಿ ನೋಡಲು ಅದೇ ಅಂಗಡಿಯಿಂದ ಅಮೆರಿಕದ ಚಿತ್ರಕಾರ ಜಾನ್ ಫ್ರೆಡರಿಕ್ ಕೆನ್ಸೆಟ್‌ನ 'ಲೇಕ್ ಜಾರ್ಜ್', 24×36 ಇಂಚು. ಅಂಗಡಿ ಬಳ್ಳಾರಿಯದ್ದೇ. ಹೆಸರು ಹಾಕುತ್ತಿಲ್ಲ, ಯಾಕೆಂದರೆ ಕೆಳಗೆ ಬರುವ ಕೊರತೆಗಳು ಒಬ್ಬರವಲ್ಲ, ನಮ್ಮ ಪೇಟೆಯ ರೂಢಿಯವು. ಫ್ಲೆಕ್ಸ್ ಅಂಗಡಿಯಲ್ಲಿ ಕೊಟ್ಟರೂ, ಫೋಟೋ ಲ್ಯಾಬಿನಲ್ಲಿ ಕೊಟ್ಟರೂ, ದೇವರ ಪಟಕ್ಕೆ ಕಟ್ಟು ಹಾಕುವಲ್ಲಿ ಕೊಟ್ಟರೂ ಬಹುತೇಕ ಇವೇ ತಕರಾರು ಎದುರಾಗುತ್ತವೆ.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪ್ರಿಂಟು ನಿರೀಕ್ಷೆಗಿಂತ ಚೆನ್ನಾಗಿದೆ, ಆದರೆ ಬೆನ್ನುಹತ್ತಿ ಮಾಡಿಸಿಕೊಂಡರೆ ಮಾತ್ರ. ವಾರ್ನಿಶ್ ಅರೆಬರೆ. ಕಟ್ಟಿನ ಮುಂಭಾಗ ನೋಡುವ ಹಾಗಿದೆ, ಹಿಂಭಾಗ ತಿರುಗಿಸಿ ನೋಡುವ ಹಾಗಿಲ್ಲ.

ಈ ಚಿತ್ರಕ್ಕೆ ಯಾಕಿಷ್ಟು ತಲೆಕೆಡಿಸಿಕೊಳ್ಳಬೇಕು ಎಂಬುದಕ್ಕೆ ಚಿತ್ರವನ್ನೇ ನೋಡಬೇಕು. ಟರ್ನರ್ 1797ರಲ್ಲಿ ಇಂಗ್ಲೆಂಡಿನ ಉತ್ತರ ಭಾಗ ಸುತ್ತಿ, ಅಲ್ಲಿಯೇ ಗೀಚಿಕೊಂಡ ಚಿತ್ರದ ಆಧಾರದ ಮೇಲೆ ಮಾರನೆಯ ವರ್ಷ ಈ ತೈಲಚಿತ್ರವನ್ನು ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿಟ್ಟ. ಆಗ ವಯಸ್ಸು 23. ಪೂರ್ತಿ ಹೆಸರಿನಲ್ಲಿ ಬಟರ್‌ಮಿಯರ್, ಪಕ್ಕದ ಕ್ರೊಮ್ಯಾಕ್‌ವಾಟರ್, ಕಂಬರ್ಲೆಂಡ್, ಒಂದು ಮಳೆ ಎಲ್ಲವೂ ಬರುತ್ತವೆ. ಈಗ ಬ್ರಿಟನ್ನಿನ ಟೇಟ್ ಮ್ಯೂಸಿಯಂ ಸಂಗ್ರಹದಲ್ಲಿದೆ. ಮೂಲದ ಅಳತೆ 889×1194 ಮಿಲಿಮೀಟರ್, ಅಂದರೆ ಸರಿಸುಮಾರು 35×47 ಇಂಚು. ಚಿತ್ರದ ಬಹುಪಾಲು ಕತ್ತಲು: ಕಪ್ಪು ಹಸಿರಿನ ಬೆಟ್ಟ, ಮೋಡ, ಮಸುಕು ನೀರು. ಆ ಕತ್ತಲೊಳಗಿಂದ ಮಳೆಬಿಲ್ಲೊಂದು ಬಾಗಿ ಬಂದು ನೀರಿನಲ್ಲಿ ಬಿಂಬ ಬಿಡುತ್ತದೆ. ನಮ್ಮ ಕ್ಯಾಲೆಂಡರಿನ ಏಳು ಬಣ್ಣದ ಕಾಮನಬಿಲ್ಲಲ್ಲ ಅದು. ಹೆಚ್ಚುಕಡಿಮೆ ಬಿಳಿ, ಬಣ್ಣ ಇದೆಯೋ ಇಲ್ಲವೋ ಅನ್ನುವಷ್ಟು. ಕೆಳಗೆ ಒಂದು ಪುಟ್ಟ ದೋಣಿ. ಪ್ರಿಂಟಿನಲ್ಲಿ ಉಳಿಯಬೇಕಾದದ್ದು ಎರಡೇ. ಕತ್ತಲ ಬೆಟ್ಟದೊಳಗಿನ ಏರಿಳಿತ ಒಂದು, ಆ ಬಿಲ್ಲಿನ ಬಿಳುಪು ಇನ್ನೊಂದು. ಮೊದಲನೆಯದು ಹೋದರೆ ಗೋಡೆಗೆ ಕಪ್ಪು ಹಲಗೆ ತೂಗುಹಾಕಿದ ಹಾಗೆ. ಎರಡನೆಯದು ಹೋದರೆ, ಅಥವಾ ಯಾರಾದರೂ ಅದಕ್ಕೆ ಬಣ್ಣ ಏರಿಸಿದರೆ, ಶಾಲಾ ವಾರ್ಷಿಕೋತ್ಸವದ ಪರದೆ.

ಅಳತೆಯಲ್ಲೇ ಮೊದಲ ಪೆಟ್ಟು

ಇಲ್ಲಿನ ಅಂಗಡಿಗಳಲ್ಲಿ ಕೇಳುವ ಮೊದಲಿಗೇ ಬರುವ ಅಳತೆ 24×36. ಏಳು ಕುದುರೆ, ಸೂರ್ಯೋದಯ, ಜಲಪಾತ ಎಲ್ಲ ಆ ಅಳತೆಗೇ ಕೂತಿರುತ್ತವೆ. ಟರ್ನರ್‌ನ ಚಿತ್ರ ಕೂರುವುದಿಲ್ಲ. ಅದರ ಅಗಲ-ಎತ್ತರದ ಪ್ರಮಾಣ 1.34, 24×36ರದ್ದು 1.5. ಅಗಲ 36 ಇಂಚು ಇಟ್ಟರೆ ಎತ್ತರ 26.8 ಇಂಚು ಬರಬೇಕು. 24ಕ್ಕೆ ತುಂಬಿಸಬೇಕಾದರೆ 2.8 ಇಂಚು, ಅಂದರೆ ಹತ್ತರಲ್ಲಿ ಒಂದು ಪಾಲು ಕತ್ತರಿಗೆ ಹೋಗುತ್ತದೆ. ಮೇಲಿಂದ ಕತ್ತರಿಸಿದರೆ ಮೋಡ ಹೋಯಿತು, ಕೆಳಗಿಂದ ಕತ್ತರಿಸಿದರೆ ನೀರು ಹೋಯಿತು. ಕತ್ತರಿಸುವುದು ಬೇಡವೆಂದರೆ ಆಪರೇಟರ್ ಚಿತ್ರವನ್ನು ಅಡ್ಡಕ್ಕೆ ಹಿಗ್ಗಿಸಿ ತುಂಬಿಸುತ್ತಾನೆ. ಬೆಟ್ಟಗಳು ಕುಳ್ಳಾಗುತ್ತವೆ, ಮೂಲ ನೋಡದವರಿಗೆ ಗೊತ್ತೂ ಆಗುವುದಿಲ್ಲ.

30×40 ಕೇಳಿದರೆ ಈ ತೊಂದರೆ ಇಲ್ಲ. ಎತ್ತರ 30ಕ್ಕೆ ಹೊಂದಿಸಿದಾಗ ಅಗಲ 40.3 ಬರುತ್ತದೆ, ಎರಡೂ ಬದಿಗೆ ಒಂದು ನೂಲಿನಷ್ಟು (ಇಂಚಿನ ಎಂಟನೇ ಒಂದು ಪಾಲು) ಹೋಗುತ್ತದೆ, ಅಷ್ಟೆ. ಮೂಲಚಿತ್ರದ ಶೇಕಡಾ 85ರಷ್ಟು ಗಾತ್ರವೂ ಸಿಗುತ್ತದೆ. ಜಾಗ ಕಡಿಮೆ ಇದ್ದವರು 24×32 ಹೇಳಿ, ಅದೂ ಸರಿಹೊಂದುತ್ತದೆ. ಸಿದ್ಧ ಕಟ್ಟು ಆ ಅಳತೆಗೆ ಸಿಗುವುದಿಲ್ಲ, ಕತ್ತರಿಸಿಯೇ ಮಾಡಬೇಕು. 24×36 ಬಿಟ್ಟು ಬೇರೆ ಆಗುವುದೇ ಇಲ್ಲ ಅನ್ನುವ ಮನೆಗೆ ಕೆನ್ಸೆಟ್ ಸರಿ. 1869ರ ಆ ಚಿತ್ರ 112.1×168.6 ಸೆಂಟಿಮೀಟರ್, ಪ್ರಮಾಣ 1.504. ಅಳೆದು ಮಾಡಿಸಿದ ಹಾಗೆ ಕೂರುತ್ತದೆ.

ಹಣದ ಲೆಕ್ಕ ಇಲ್ಲಿಯೇ ಹೇಳಬೇಕು. ಪ್ರಿಂಟಿಗೆ ಚದರಡಿ ದರ, ಕಟ್ಟಿಗೆ ಉದ್ದದ ಅಡಿ ದರ. 30×40 ಅಂದರೆ 8.33 ಚದರಡಿ. ಎಳೆದು ಬಿಗಿಯಲು ನಾಲ್ಕೂ ಬದಿಗೆ ಎರಡೆರಡು ಇಂಚು ಬಿಟ್ಟಾಗ ಕ್ಯಾನ್ವಾಸ್ ತುಂಡು 34×44 ಆಗಿ 10.4 ಚದರಡಿ ಬರುತ್ತದೆ. ಯಾವುದಕ್ಕೆ ದರ ಎಂದು ಮೊದಲೇ ಕೇಳಿ. ಹೊರಗೆ ಕಟ್ಟು ಬರುವುದರಿಂದ ಆ ಎರಡಿಂಚಿನ ಅಂಚು ಬಿಳಿಯಾಗೇ ಇರಲಿ. ಅಲ್ಲಿ ಇಂಕಿಲ್ಲ, ಹಾಗಾಗಿ ಚೌಕಾಸಿಗೆ ಜಾಗವಿದೆ. ಬೀಡಿಂಗಿಗೆ ಸೂತ್ರ ಹೀಗೆ: ಸುತ್ತಳತೆ, ಅದಕ್ಕೆ ಬೀಡಿಂಗ್ ಅಗಲದ ಎಂಟು ಪಟ್ಟು ಕೂಡಿಸಿ. 140 ಇಂಚಿಗೆ 16 ಸೇರಿ 156, ಅಂದರೆ 13 ಅಡಿ. ಪಟ್ಟಿ ಸುಮಾರು ಹತ್ತಡಿ ಉದ್ದ ಬರುವುದರಿಂದ ಎರಡು ಪಟ್ಟಿ ಒಡೆಯಲೇಬೇಕು. ಎರಡು ಪಟ್ಟಿಗೂ ಹಣ ತೆಗೆದುಕೊಂಡರೆ ಮೋಸವಲ್ಲ, ಆದರೆ ಉಳಿದ ತುಂಡು ಕೇಳಿ ತನ್ನಿ. ಒಂದೊಂದು ಪಟ್ಟಿಯಲ್ಲೂ ಮೂರಡಿಗಿಂತ ಹೆಚ್ಚು ಉಳಿಯುತ್ತದೆ, ಚಿಕ್ಕ ಫೋಟೋ ಕಟ್ಟಿಗೆ ಬರುತ್ತದೆ.

ಫೈಲು

ಟರ್ನರ್ ತೀರಿಕೊಂಡದ್ದು 1851ರಲ್ಲಿ, ಕೆನ್ಸೆಟ್ 1872ರಲ್ಲಿ. ನಮ್ಮ ಕಾನೂನಿನಲ್ಲಿ ಕಲಾವಿದ ತೀರಿಕೊಂಡು 60 ವರ್ಷದವರೆಗೆ ಹಕ್ಕು, ಹಾಗಾಗಿ ಚಿತ್ರಗಳ ಮೇಲೆ ಯಾರ ಹಕ್ಕೂ ಉಳಿದಿಲ್ಲ. ಮ್ಯೂಸಿಯಂಗಳು ತೆಗೆದ ಫೋಟೋಗಳ ಷರತ್ತು ಮಾತ್ರ ಬೇರೆ ಬೇರೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ ತನ್ನಲ್ಲಿರುವ ಹಕ್ಕುಮುಕ್ತ ಕೃತಿಗಳ ಫೋಟೋಗಳನ್ನು ಪೂರ್ತಿ ಬಿಟ್ಟುಕೊಟ್ಟಿತು. ಲೇಕ್ ಜಾರ್ಜ್ ಅಲ್ಲಿಯದ್ದೇ. ಆ ಮ್ಯೂಸಿಯಂ ಕಟ್ಟಿದವರಲ್ಲಿ ಕೆನ್ಸೆಟ್ ಕೂಡ ಒಬ್ಬ ಎಂಬುದು ಇದಕ್ಕೊಪ್ಪುವ ಸಂಗತಿ. ಟೇಟ್ ಹಾಗೆ ಬಿಟ್ಟುಕೊಟ್ಟಿಲ್ಲ. ಮನೆಗೆಂದು ಒಂದು ಪ್ರತಿ ತೆಗೆಸುವುದು ಒಂದು ಮಾತು, ಅಂಗಡಿಯವರು ಅದೇ ಫೈಲಿಟ್ಟುಕೊಂಡು ಹತ್ತು ಜನಕ್ಕೆ ಮಾರುವುದು ಬೇರೆ ಮಾತು. ಷರತ್ತು ಓದಿಯೇ ಮುಂದುವರಿಯಿರಿ.

ಪಿಕ್ಸೆಲ್ ಲೆಕ್ಕಕ್ಕೆ ತಲೆಬಿಸಿ ಬೇಡ. ಉದ್ದದ ಬದಿಯ ಪಿಕ್ಸೆಲ್ಲನ್ನು ಉದ್ದದ ಇಂಚಿನಿಂದ ಭಾಗಿಸಿ. 4800 ಪಿಕ್ಸೆಲ್, 40 ಇಂಚು: ಇಂಚಿಗೆ 120. ಕ್ಯಾನ್ವಾಸಿನ ನೇಯ್ಗೆ ಸಣ್ಣಪುಟ್ಟ ಮಸುಕನ್ನು ಮುಚ್ಚುವುದರಿಂದ 100ರಿಂದ 150 ಇದ್ದರೆ ಆರಡಿ ದೂರದಿಂದ ಚೊಕ್ಕ ಕಾಣುತ್ತದೆ. 300 ಬೇಕೇಬೇಕು ಎಂದು ಹಟ ಹಿಡಿಯುವವರು ಮದುವೆ ಆಲ್ಬಮ್ಮಿನ ಲೆಕ್ಕವನ್ನು ಗೋಡೆಗೆ ತರುತ್ತಿದ್ದಾರೆ. ಆದರೆ 75ಕ್ಕಿಂತ ಕೆಳಗಿಳಿದರೆ ದೋಣಿ ಕಲೆಯಾಗುತ್ತದೆ, ಅದರಲ್ಲಿರುವ ಜನ ಕಾಣುವುದಿಲ್ಲ. ಹುಡುಕಾಟದ ಪುಟದಲ್ಲಿ ಕಂಡ ಮೊದಲ ಚಿತ್ರವನ್ನು ಉಳಿಸಿಕೊಂಡು ಹೋಗುವವರಿಗೆ ಆಗುವುದು ಇದೇ.

ಫೈಲು ದೊಡ್ಡದು ಮಾಡುವ ಎಐ ಆಪುಗಳು ಈ ಚಿತ್ರಕ್ಕೆ ಶತ್ರು. ಮುಖ, ಕಟ್ಟಡ ಇರುವ ಫೋಟೋಗೆ ಅವು ಒಗ್ಗುತ್ತವೆ. ಮಂಜು ಕಂಡರೆ ಅದನ್ನು ಫೋಟೋದ ದೋಷವೆಂದು ಬಗೆದು ಒರೆಸಿಹಾಕುತ್ತವೆ, ಬೆಟ್ಟದ ಅಂಚಿಗೆ ಇಲ್ಲದ ಗೆರೆ ಎಳೆಯುತ್ತವೆ. ಬಂದದ್ದು ಪ್ಲಾಸ್ಟಿಕ್ ಬೆಟ್ಟ.

ಇನ್ನು ಕಳಿಸುವ ರೀತಿ. ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಫೈಲು ಕುಗ್ಗಿ ಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲವೇ ಪೆನ್‌ಡ್ರೈವ್ ಒಯ್ಯಿರಿ. ನೀವೇ ಫೈಲನ್ನು ಸಿಎಂವೈಕೆಗೆ (ಪ್ರಿಂಟಿನ ನಾಲ್ಕು ಇಂಕಿನ ಬಣ್ಣಪದ್ಧತಿಗೆ) ಬದಲಿಸಬೇಡಿ. ಬಂದ ಆರ್‌ಜಿಬಿ (ಪರದೆಯ ಬಣ್ಣಪದ್ಧತಿಯ) ಫೈಲನ್ನು ಹಾಗೇ ಕೊಟ್ಟರೆ ಮಷಿನ್ನಿನ ಸಾಫ್ಟ್‌ವೇರು ತನ್ನ ಇಂಕಿಗೆ ತಕ್ಕಂತೆ ಬದಲಿಸಿಕೊಳ್ಳುತ್ತದೆ.

ಮಷಿನ್ನಿನ ಮುಂದೆ

ಅಂಗಡಿಯ ಕಂಪ್ಯೂಟರಿನಲ್ಲಿ ಟರ್ನರ್ ತೆರೆದ ಕೂಡಲೇ ಬರುವ ಮಾತು ಒಂದೇ: "ಡಲ್ ಐತ್ರಿ ಸರ, ಸ್ವಲ್ಪ ಬ್ರೈಟ್ ಮಾಡ್ಲೇನ್ರಿ?" ಪಾಪ, ಆತನ ಕಣ್ಣು ಪಳಗಿದ್ದು ಅಣ್ಣನ ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ. ಉತ್ತರವೂ ಒಂದೇ ಇರಬೇಕು: "ಬ್ಯಾಡ್ರಿ, ಹೆಂಗೈತಿ ಹಂಗ ತೆಗೀರಿ." ಬ್ರೈಟ್‌ನೆಸ್ ಎಳೆದರೆ ಕತ್ತಲು ಬೂದಿಯಾಗುತ್ತದೆ, ಬಿಲ್ಲು ಸುಟ್ಟು ಬಿಳಿ ಪಟ್ಟಿಯಾಗುತ್ತದೆ. ಸ್ಯಾಚುರೇಶನ್ (ಬಣ್ಣದ ಗಾಢತೆ) ಎಳೆದರೆ ಬೆಟ್ಟ ಪಾಚಿಹಸಿರು.

ಏನೂ ಮಾಡಬಾರದು ಎಂದಲ್ಲ. ಮ್ಯಾಟ್ ಕ್ಯಾನ್ವಾಸಿನಲ್ಲಿ ಕಪ್ಪು ಪರದೆಯಷ್ಟು ಆಳ ಬರುವುದಿಲ್ಲ. ಕಡುಕಪ್ಪು, ಅರೆಗಪ್ಪು ಎರಡೂ ಸೇರಿ ಒಂದೇ ಮುದ್ದೆಯಾಗುತ್ತವೆ. ಅದಕ್ಕೆ ಕರ್ವ್‌ನಲ್ಲಿ (ಕತ್ತಲು-ಬೆಳಕು ತಿದ್ದುವ ಗೆರೆಯಲ್ಲಿ) ಕೆಳಗಿನ, ಅಂದರೆ ಕತ್ತಲಿನ, ಕಾಲುಭಾಗವನ್ನು ಮಾತ್ರ ಕೂದಲೆಳೆಯಷ್ಟು ಎತ್ತಬೇಕು, ನಡುವೆ ಮತ್ತು ಮೇಲೆ ಕೈ ಹಚ್ಚಬಾರದು. ಎಷ್ಟು ಎತ್ತಬೇಕೆಂಬುದು ಆ ಮಷಿನ್ನು, ಆ ಕ್ಯಾನ್ವಾಸಿಗೆ ಬಿಟ್ಟದ್ದು. ತುಂಡು ತೆಗೆದು ನೋಡದೆ ಗೊತ್ತಾಗದು. ಮೊಬೈಲಿನ ಪರದೆ ನೋಡಿ ನಿರ್ಧರಿಸಲೇಬೇಡಿ. ಪೂರ್ತಿ ಬೆಳಕಿನ ಪರದೆಯಲ್ಲಿ ಕತ್ತಲಿನೊಳಗಿನದೆಲ್ಲ ಕಾಣುತ್ತದೆ, ಕ್ಯಾನ್ವಾಸು ತಾನೇ ಬೆಳಗುವುದಿಲ್ಲವಲ್ಲ. ಬೆಳಕನ್ನು ಮೂರನೇ ಒಂದಕ್ಕೆ ಇಳಿಸಿ ನೋಡಿದರೆ ಪ್ರಿಂಟು ಹೇಗಿರುತ್ತದೆಂಬ ಅಂದಾಜು ಸಿಗುತ್ತದೆ.

ಪರೀಕ್ಷೆಯ ತುಂಡು ಅಂದರೆ ಇಡೀ ಚಿತ್ರವನ್ನು ಎ4ಗೆ ಕುಗ್ಗಿಸಿ ತೆಗೆಯುವುದಲ್ಲ. 30×40ರ ಗಾತ್ರದಲ್ಲೇ, ಬಿಲ್ಲು ಕತ್ತಲ ಬೆಟ್ಟವನ್ನು ದಾಟುವ ಕಡೆ 6×8 ಇಂಚು ಕತ್ತರಿಸಿ, ಕೊನೆಗೆ ಹಾಕುವ ಅದೇ ಕ್ಯಾನ್ವಾಸಿನ ಮೇಲೆ ತೆಗೆಸಬೇಕು. ಫ್ಲೆಕ್ಸ್ ತುಂಡಿನ ಮೇಲೆ ತೆಗೆದು ತೋರಿಸಿದರೆ ಅದಕ್ಕೆ ಬೆಲೆಯಿಲ್ಲ. ತುಂಡನ್ನು ಅಂಗಡಿ ಬಾಗಿಲಿಗೆ ತಂದು ಹಗಲು ಬೆಳಕಿನಲ್ಲಿ ನೋಡಿ. ಒಳಗಿನ ಬಿಳಿ ಟ್ಯೂಬಿನ ಕೆಳಗೆ ಎಲ್ಲವೂ ನೀಲಿಯೇ.

ಇಲ್ಲಿ ಬಂದ ಮೊದಲ ತುಂಡಿನಲ್ಲಿ ಮೋಡದ ಮೇಲೆ ಅಡ್ಡಗೆರೆಗಳಿದ್ದವು. ಅಡ್ಡಗೆರೆಗೆ ಎರಡು ಕಾರಣ. ಒಂದು, ಕಡಿಮೆ ಪಾಸ್ (ಇಂಕು ಚಿಮ್ಮುವ ಹೆಡ್ಡು ಒಂದೇ ಜಾಗದ ಮೇಲೆ ಎಷ್ಟು ಸಲ ಓಡಾಡುತ್ತದೆ ಎಂಬ ಲೆಕ್ಕ): ಬೋರ್ಡು, ಬ್ಯಾನರ್ ಬೇಗ ಮುಗಿಸಲು ಮಷಿನ್ನನ್ನು 4 ಪಾಸಿಗೆ ಇಟ್ಟಿರುತ್ತಾರೆ. ಎರಡು, ಹೆಡ್ಡಿನ ತೂತು (ನಾಝಲ್) ಕಟ್ಟಿರುವುದು. ನಮ್ಮ ಒಣ ಸೆಕೆ, ಅದಿರಿನ ಧೂಳು ಎರಡೂ ಸೇರಿ ಇದು ಇಲ್ಲಿ ಬೇಗ ಆಗುತ್ತದೆ. ನಾಝಲ್ ಚೆಕ್ ಪ್ರಿಂಟು ಕೇಳಿ, ಗೆರೆಗಳು ತುಂಡಾಗದೆ ಬಂದರೆ ಹೆಡ್ಡು ಸರಿ ಇದೆ. ಈ ಕೆಲಸದಲ್ಲಿ ನಾಝಲ್ ಸರಿಯಿತ್ತು, 8 ಪಾಸಿಗೆ ಬದಲಿಸಿದ ಮೇಲೆ ಗೆರೆ ಮಾಯ. ಸಮಯ ಹೆಚ್ಚು ಹಿಡಿಯುತ್ತದೆ, ಆಪರೇಟರ್ ಮುಖ ಸಿಂಡರಿಸುತ್ತಾನೆ. ಸಿಂಡರಿಸಲಿ.

ಕೆನ್ಸೆಟ್‌ನದು ಇದಕ್ಕೆ ತದ್ವಿರುದ್ಧ ಫಜೀತಿ. ಅಲ್ಲಿ ಕತ್ತಲಿಲ್ಲ, ತೆಳು ಬೂದು ಆಕಾಶ, ಮಬ್ಬು ಬೆಟ್ಟ, ಅಲುಗದ ನೀರು. ನಾಲ್ಕೇ ಇಂಕಿನ ಮಷಿನ್ನಿನಲ್ಲಿ ತೆಳು ಬಣ್ಣ ಬರಬೇಕಾದರೆ ಚುಕ್ಕೆಗಳನ್ನು ದೂರ ದೂರ ಚೆಲ್ಲಬೇಕು, ಹತ್ತಿರ ಹೋದರೆ ಆಕಾಶದ ತುಂಬ ರವೆ ಚೆಲ್ಲಿದಂತೆ ಕಾಣುತ್ತದೆ. ತೆಳು ಸಯಾನ್, ತೆಳು ಮಜೆಂಟಾ ಸೇರಿದ ಆರು ಇಂಕಿನ ಮಷಿನ್ನಿದ್ದರೆ ಅದೇ ಆಕಾಶ ನುಣುಪಾಗಿ ಬರುತ್ತದೆ. ಈ ಅಂಗಡಿಯದು ನಾಲ್ಕು ಇಂಕು. ಟರ್ನರ್‌ಗೆ ಅದು ಸಾಕಾಯಿತು, ಕೆನ್ಸೆಟ್‌ಗೆ ಸಾಲಲಿಲ್ಲ. ಎಂಟಡಿ ದೂರದಿಂದ ಗೊತ್ತಾಗದು, ನಿಜ. ಆದರೆ ಆ ಚಿತ್ರ ಇರುವುದೇ ಹತ್ತಿರ ನಿಂತು ನಿಶ್ಶಬ್ದ ನೀರು ನೋಡುವುದಕ್ಕೆ. ಅದನ್ನು ಮಾಡಿಸುವವರು ಪಿಗ್ಮೆಂಟ್ ಇಂಕಿನ ಎಂಟು, ಹನ್ನೆರಡು ಬಣ್ಣದ ಮಷಿನ್ನಿರುವ ಬೆಂಗಳೂರಿನ ಲ್ಯಾಬಿನಲ್ಲಿ ಪ್ರಿಂಟು ತೆಗೆಸಿ, ಕೊಳವೆಯಲ್ಲಿ ಸುತ್ತಿ ತರಿಸಿ, ಕಟ್ಟು ಮಾತ್ರ ಇಲ್ಲಿ ಹಾಕಿಸಲಿ. ಸುತ್ತುವಾಗ ಚಿತ್ರ ಹೊರಮೈಗೆ ಇರಬೇಕು. ಒಳಮೈಗೆ ಸುತ್ತಿದರೆ ಲೇಪನ ಮುದುಡುತ್ತದೆ.

ಕ್ಯಾನ್ವಾಸ್ ವಿಚಾರ ಚಿಕ್ಕದು. ಹತ್ತಿ-ಪಾಲಿಯೆಸ್ಟರ್ ಬೆರೆತದ್ದು, 340ರಿಂದ 380 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಕೇಳಿ. ಅಗ್ಗದ ತೆಳು ಪಾಲಿಯೆಸ್ಟರ್ ರೋಲಿನಲ್ಲಿ ಮಡಿಕೆಯ ಕಡೆ ಲೇಪನ ಬಿರುಕು ಬಿಡುತ್ತದೆ. ಕೈಬೆರಳಿನ ಮೇಲೆ ತುಂಡೊಂದನ್ನು ಮಡಿಚಿ ನೋಡಿ, ಬಿಳಿ ಗೆರೆ ಎದ್ದರೆ ಬೇಡ.

ವಾರ್ನಿಶ್, ಅಥವಾ ಧೂಳಿನ ಪುರಾಣ

ಇಕೋ ಸಾಲ್ವೆಂಟ್ ಇಂಕು ಮುಟ್ಟಿದರೆ ಒಣಗಿದ ಹಾಗಿರುತ್ತದೆ, ಒಳಗಿನ ದ್ರಾವಕ ಇನ್ನೂ ಹೊರಬರುತ್ತಿರುತ್ತದೆ. ಕನಿಷ್ಠ 24 ಗಂಟೆ ಹರವಿ ಬಿಡಬೇಕು. ಟರ್ನರ್‌ನಂಥ ಕಪ್ಪು ತುಂಬಿದ ಚಿತ್ರಕ್ಕೆ ಇಂಕು ಹೆಚ್ಚು ಕುಡಿದಿರುವುದರಿಂದ 48 ಗಂಟೆ ಒಳ್ಳೆಯದು. ಸಂಜೆ ಪ್ರಿಂಟು, ಮರುದಿನ ಬೆಳಿಗ್ಗೆ ವಾರ್ನಿಶ್, ಮಧ್ಯಾಹ್ನ ಡೆಲಿವರಿ ಎಂದರೆ ಒಪ್ಪಬೇಡಿ. ದ್ರಾವಕ ಒಳಗೇ ಸಿಕ್ಕಿಕೊಂಡು ಮೇಲ್ಮೈ ಅಂಟಂಟಾಗುತ್ತದೆ.

ಬೇಕಾದದ್ದು ಸಾಲ್ವೆಂಟ್ ಪ್ರಿಂಟಿಗೆ ಒಗ್ಗುವ ನೀರಿನಾಧಾರದ ಸ್ಯಾಟಿನ್ (ಅರೆಹೊಳಪಿನ) ವಾರ್ನಿಶ್, ಎರಡು ತೆಳು ಕೋಟು, ಒಂದು ಉದ್ದಕ್ಕೆ, ಅದು ಪೂರ್ತಿ ಆರಿದ ಮೇಲೆ ಇನ್ನೊಂದು ಅಡ್ಡಕ್ಕೆ. ಸ್ಯಾಟಿನ್ ಯಾಕೆಂದರೆ ಮ್ಯಾಟಿನಲ್ಲಿ ಕಪ್ಪು ಮಂಕಾಗುತ್ತದೆ, ಪೂರ್ತಿ ಹೊಳಪಿನದರಲ್ಲಿ ಎದುರಿನ ಕಿಟಕಿ ಮೂಡುತ್ತದೆ. ಕೆಲವರು ಬಾಗಿಲಿಗೆ ಹೊಡೆಯುವ ಮೆಲಮೈನ್ ಪಾಲಿಶನ್ನೇ ಹೊಡೆದುಬಿಡುತ್ತಾರೆ. ಅದರ ಥಿನ್ನರು ಇಂಕನ್ನೇ ಕಲಕಬಹುದು. ಡಬ್ಬಿ ತೋರಿಸಿ ಎಂದು ಕೇಳುವುದರಲ್ಲಿ ನಾಚಿಕೆ ಏನಿಲ್ಲ.

ಈ ಪ್ರತಿಯಲ್ಲಿ ವಾರ್ನಿಶ್ ಸರಿಯಾದದ್ದೇ ಇತ್ತು. ಹೊಡೆದ ಜಾಗ ತಪ್ಪು. ರಸ್ತೆಗೆ ಬಾಯ್ತೆರೆದ ಅಂಗಡಿಯ ಕಟ್ಟೆಯ ಮೇಲೆ ಹೊಡೆದಿದ್ದಾರೆ. ಬೆಟ್ಟದ ಕಪ್ಪಿನ ಮೇಲೆ ಕೆಂಗಂದು ಕಣಗಳು ವಾರ್ನಿಶಿನೊಳಗೆ ಹೂತು ಕೂತಿವೆ. ಬೆರಳಾಡಿಸಿದರೆ ಸಣ್ಣ ಮರಳುಕಾಗದ. ತಿಳಿಬಣ್ಣದ ಕೆನ್ಸೆಟ್‌ನಲ್ಲಿ ಕಣ್ಣಿಗೆ ಬೀಳದ್ದು ಟರ್ನರ್‌ನಲ್ಲಿ ದೀಪ ಹಾಕಿದ ಕೂಡಲೇ ಹೊಳೆಯುತ್ತದೆ. ಒಣಗಿದ ಮೇಲೆ ಇದಕ್ಕೆ ಮದ್ದಿಲ್ಲ, ಕೆರೆದರೆ ಇಂಕೂ ಬರುತ್ತದೆ. ಒಳಕೋಣೆ, ಫ್ಯಾನ್ ಬಂದ್, ನೆಲಕ್ಕೆ ನೀರು ಚಿಮುಕಿಸಿ, ಆಮೇಲೆ ವಾರ್ನಿಶ್: ಹೀಗೆ ಮಾಡುತ್ತೇವೆಂದು ಒಪ್ಪಿಕೊಂಡ ಕಡೆಯೇ ಕೊಡಿ.

ಒಳಕಟ್ಟಿಗೆ, ಹೊರಕಟ್ಟು

ನಪಾಸಾದದ್ದು ಇಲ್ಲಿ. ಒಳಕಟ್ಟಿಗೆ ಪೈನ್, ಮುಕ್ಕಾಲು ಇಂಚು ದಪ್ಪ, ಒಣಗಿದ ಮಾಲು, ಅಲ್ಲಿಯವರೆಗೆ ಸರಿ. 40 ಇಂಚಿನ ಬದಿಗೆ ನಡುವೆ ಅಡ್ಡಪಟ್ಟಿ ಬೇಕು, ಹಾಕಿರಲಿಲ್ಲ. 30 ಇಂಚು ದಾಟಿದ ಯಾವ ಬದಿಗೂ ಅದಿಲ್ಲದಿದ್ದರೆ ಕ್ಯಾನ್ವಾಸಿನ ಬಿಗಿತಕ್ಕೆ ಪಟ್ಟಿ ಒಳಕ್ಕೆ ಬಾಗುತ್ತದೆ, ಚಿತ್ರದ ನಡು ಜೋಲುತ್ತದೆ. ಮುಂದಿನ ಅಂಚಿಗೆ ರಂದಾ ಹೊಡೆದು ಒಳಕ್ಕೆ ಇಳಿಜಾರು ಮಾಡಿರಬೇಕು. ಚಪ್ಪಟೆ ಪಟ್ಟಿಗೆ ಕ್ಯಾನ್ವಾಸು ಒರಗಿ ಕೂತರೆ ಕೆಲವು ತಿಂಗಳಲ್ಲಿ ಪಟ್ಟಿಯ ಗುರುತು ಮುಂದಿನಿಂದಲೇ ಚೌಕಾಕಾರವಾಗಿ ಮೂಡುತ್ತದೆ. ಇಲ್ಲಿ ಇಳಿಜಾರೂ ಇಲ್ಲ. ಮೂಲೆಗಳಿಗೆ ಬೆಣೆ ಇಟ್ಟಿದ್ದರೆ ಸಡಿಲಾದಾಗ ಎರಡು ಪೆಟ್ಟು ಹಾಕಿ ಮತ್ತೆ ಬಿಗಿ ಮಾಡಬಹುದು. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ, ಕಟ್ಟಿಗೆ ಕುಗ್ಗುತ್ತದೆ, ಮಳೆಗಾಲಕ್ಕೆ ಹಿಗ್ಗುತ್ತದೆ. ಬೆಣೆ ಬದಲು ಫೆವಿಕಾಲ್ ಹಾಕಿ ಮೊಳೆ ಹೊಡೆದ ಮೂಲೆಗೆ ಆ ಅವಕಾಶವೇ ಇರುವುದಿಲ್ಲ.

ಪಿನ್ನು ಹೊಡೆಯುವ ಕ್ರಮ ಮಾತ್ರ ಸರಿಯಾಗಿತ್ತು, ಹೇಳಲೇಬೇಕು. ನಾಲ್ಕೂ ಬದಿಯ ನಟ್ಟನಡುವೆ ಒಂದೊಂದು, ಆಮೇಲೆ ಎದುರುಬದುರಾಗಿ ಮೂಲೆಯ ಕಡೆಗೆ, ಸುಮಾರು ಎರಡಿಂಚಿಗೊಂದು. ಒಂದು ಮೂಲೆಯಿಂದ ಶುರುಮಾಡಿ ಸುತ್ತಿಬಂದವರ ಕೆಲಸದಲ್ಲಿ ಎದುರು ಮೂಲೆಗೆ ಓರೆ ನೆರಿಗೆ ಬೀಳುತ್ತದೆ.

ಹೊರಕಟ್ಟಿಗೆ ಈಗ ಬೆಂಗಳೂರು, ಹೈದರಾಬಾದಿನ ಫ್ಯಾಷನ್ನು ಫ್ಲೋಟ್ ಫ್ರೇಮು: ಚಿತ್ರಕ್ಕೂ ಕಟ್ಟಿಗೂ ನಡುವೆ ಕಾಲಿಂಚು ಸಂದಿ. ಫೋಟೋದಲ್ಲಿ ಚೆಂದ. ಬಳ್ಳಾರಿ, ಸಂಡೂರು, ತೋರಣಗಲ್ಲಿನ ಕಡೆಯ ಮನೆಗೆ ಬೇಡ. ಆ ಸಂದಿಯಲ್ಲಿ ಕೆಂಪು ಧೂಳು ಕೂತರೆ ತೆಗೆಯಲು ಪೇಂಟಿನ ಬ್ರಷ್ಷೇ ಬೇಕು. ಚಿತ್ರದ ಅಂಚನ್ನು ಕಾಲಿಂಚು ಮುಚ್ಚುವ ಹಳೆಯ ಮಾದರಿಯ ಕಟ್ಟೇ ಇಲ್ಲಿಗೆ ಸರಿ. ಒಳಗೆ ಪ್ರತಿ ಬದಿಗೂ ಒಂದು ನೂಲು ಸಡಿಲ ಬಿಡಿಸಿ, ಕಟ್ಟಿಗೆ ಹಿಗ್ಗಿದಾಗ ಮೂಲೆ ಬಿಡದಿರಲಿ. ಬಣ್ಣ: ಮಂಕು ಚಿನ್ನ ಅಥವಾ ಕಡು ಕಂದು. ಥಳಥಳ ಚಿನ್ನ ಆ ಬಿಲ್ಲಿನ ಬಿಳುಪನ್ನು ನುಂಗುತ್ತದೆ.

ಈ ಕಟ್ಟಿನ ಒಂದು ಮೂಲೆಯಲ್ಲಿ ಉಗುರು ಹೋಗುವಷ್ಟು ಬಿರುಕು ಇತ್ತು, ಚಿನ್ನದ ಬಣ್ಣದ ಮೇಣ ಮೆತ್ತಿ ಮುಚ್ಚಿದ್ದಾರೆ. ಸಿಂಥೆಟಿಕ್ ಬೀಡಿಂಗನ್ನು ಮೊಂಡು ಬ್ಲೇಡಿನಲ್ಲಿ ಕೊಯ್ದರೆ 45 ಡಿಗ್ರಿ ಕೂಡುವುದಿಲ್ಲ. ಹಿಂದೆ ಹಾರ್ಡ್‌ಬೋರ್ಡನ್ನು ಕ್ಯಾನ್ವಾಸಿಗೆ ತಾಗುವಂತೆ ಬಡಿದಿದ್ದಾರೆ, ದೇವರ ಪಟಕ್ಕೆ ಬಡಿಯುವ ಹಾಗೆ. ಗಾಜಿನ ಹಿಂದಿನ ಕಾಗದಕ್ಕೆ ಅದು ಸರಿ. ಕ್ಯಾನ್ವಾಸಿಗಾದರೆ ಬೋರ್ಡು ತೇವಕ್ಕೆ ಉಬ್ಬಿ ಹಿಂದಿನಿಂದ ಒತ್ತುತ್ತದೆ. ಬೋರ್ಡನ್ನು ಒಳಕಟ್ಟಿಗೆಯ ಹಿಂಬದಿಗೆ, ಚಿತ್ರದಿಂದ ದೂರ ನಿಲ್ಲುವಂತೆ ಹಾಕಿ, ಸುತ್ತ ಕಂದು ಟೇಪು ಸುತ್ತಿದರೆ ಧೂಳೂ ಒಳಬರದು. ಕೆಳಗಿನ ಎರಡು ಮೂಲೆಗೆ ರಬ್ಬರ್ ಬಟನ್ ಅಂಟಿಸಿರಬೇಕು. ಗೋಡೆಗೂ ಕಟ್ಟಿಗೂ ನಡುವೆ ಗಾಳಿ ಆಡಿದರೆ ತೇವ, ಗೆದ್ದಲು ಎರಡಕ್ಕೂ ತಡೆ. ಅಂಟಿಸಿರಲಿಲ್ಲ, ಕೇಳಿದ ಮೇಲೆ ಕೊಟ್ಟರು.

ಗೋಡೆಗೆ

ಕಟ್ಟು ಸೇರಿ ತೂಕ ಐದು ಕಿಲೋ ಎಂದೇ ಹಿಡಿಯಿರಿ. ನಡುವೆ ಒಂದೇ ಕೊಕ್ಕೆ ಹೊಡೆದು ಕೊಡುತ್ತಾರೆ, ಅದನ್ನು ಕೀಳಿಸಿ. ಎರಡೂ ಬದಿಗೆ, ಮೇಲಿನಿಂದ ಮೂರನೇ ಒಂದು ಭಾಗದಲ್ಲಿ ಡಿ ರಿಂಗ್ ಹಾಕಿಸಿ ಗೋಡೆಯಲ್ಲಿ ಎರಡು ಸ್ಕ್ರೂ ಇಟ್ಟರೆ ಬಾಗಿಲು ಬಡಿದಾಗಲೆಲ್ಲ ಸರೋವರ ಓರೆಯಾಗುವುದಿಲ್ಲ. ಸಿಮೆಂಟ್ ಬ್ಲಾಕಿನ ಗೋಡೆಗೆ 6 ಎಂಎಂ ತೂತು, ಪ್ಲಗ್ಗು, ಒಂದೂವರೆ ಇಂಚಿನ ಸ್ಕ್ರೂ. ಹಳೆಯ ಕಲ್ಲು-ಮಣ್ಣಿನ ಗೋಡೆಯಲ್ಲಿ ಸಂದಿಯ ಮಣ್ಣಿಗೆ ಮೊಳೆ ಹೊಡೆದರೆ ನಿಲ್ಲದು. ಹ್ಯಾಮರ್ ಡ್ರಿಲ್ಲಿನಿಂದ ಕಲ್ಲಿಗೇ ತೂತು ಹಾಕಬೇಕು. ಚಿತ್ರದ ನಡುಬಿಂದು ನೆಲದಿಂದ 57ರಿಂದ 60 ಇಂಚು ಇರಲಿ. ಕೂತು ನೋಡುವ ಕೋಣೆಯಾದರೆ ಇನ್ನೂ ಕೆಳಗಿಳಿಸಬಹುದು. ಇಲ್ಲಿ ಎಲ್ಲರೂ ಬಾಗಿಲ ಚೌಕಟ್ಟಿನ ಮೇಲೆ ಹಾಕುತ್ತಾರೆ, ಅಲ್ಲಿ ಕಾಣುವುದು ಕಟ್ಟಿನ ತಳ ಮಾತ್ರ.

ನೀರಿನ ಚಿತ್ರ ಉತ್ತರಕ್ಕಿರಬೇಕು ಎಂದು ವಾಸ್ತುವಿನವರು ಹೇಳುತ್ತಾರೆ. ವಾಸ್ತು ಏನೇ ಇರಲಿ, ಮಧ್ಯಾಹ್ನವಿಡೀ ಕಾಯುವ ಪಶ್ಚಿಮದ ಹೊರಗೋಡೆಗೆ ಮಾತ್ರ ಹಾಕಬೇಡಿ. ನೇರ ಬಿಸಿಲು ಬೀಳುವಲ್ಲಿ ಯಾವ ಇಂಕೂ ಬಾಳದು. ಟರ್ನರ್‌ಗೆ 3000 ಕೆಲ್ವಿನ್ನಿನ (ಹಳದಿ ಛಾಯೆಯ ಬೆಳಕಿನ) ಸಣ್ಣ ಎಲ್‌ಇಡಿ ಸ್ಪಾಟು, ಮೇಲಿನಿಂದ ಸುಮಾರು 30 ಡಿಗ್ರಿ ಓರೆಯಾಗಿ, ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ) 90 ಮೀರಿದ್ದು. ಬೆಟ್ಟದ ಕಂದು ಏಳುತ್ತದೆ. ಅದೇ ದೀಪ ಕೆನ್ಸೆಟ್‌ನ ಬೂದು ಆಕಾಶವನ್ನು ಹಳದಿ ಮಾಡುತ್ತದೆ, ಅದಕ್ಕೆ 4000 ಕೆಲ್ವಿನ್. ಧೂಳಿಗೆ ಒಣ ಮೆತ್ತನೆ ಬ್ರಷ್ಷು, ಮೇಲಿನಿಂದ ಕೆಳಕ್ಕೆ. ಒದ್ದೆ ಬಟ್ಟೆ, ಗಾಜು ಒರೆಸುವ ಸ್ಪ್ರೇ ಹತ್ತಿರ ತರಬೇಡಿ.

ಮಾಡಿಸುವ ಕಾಲವನ್ನೂ ನೋಡಿಕೊಳ್ಳಿ. ಆಷಾಢದ ಗಾಳಿಯಲ್ಲಿ ವಾರ್ನಿಶ್ ಕೆಲಸಕ್ಕೆ ಕೈಹಾಕಿದರೆ ಮೇಲೆ ಹೇಳಿದ ಕೆಂಪು ಕಣ ಗ್ಯಾರಂಟಿ. ಗಣೇಶ ಹಬ್ಬ, ಚುನಾವಣೆ ಹತ್ತಿರ ಬಂದಾಗ ಮಷಿನ್ನು ಹಗಲೂ ರಾತ್ರಿ ಫ್ಲೆಕ್ಸಿಗೇ ಮೀಸಲು. ಆಗ 8 ಪಾಸ್ ಕೇಳಿದರೆ ಹೂಂ ಅಂದು 4ರಲ್ಲೇ ಹೊಡೆದು ಕೊಡುತ್ತಾರೆ. ದೀಪಾವಳಿ ಮುಗಿದ ಮೇಲೆ ಹೋಗಿ, ಪರೀಕ್ಷೆಯ ತುಂಡಿನ ಹಣ ಬೇರೆ ಕೊಟ್ಟುಬಿಡಿ, ಬಾಕಿ ಹಣವನ್ನು ಕಟ್ಟು ತಿರುಗಿಸಿ ಹಿಂಭಾಗ ನೋಡಿದ ಮೇಲೆ ಎಣಿಸಿ.